ಕತ್ತರಿ ಹೇಳಿದ ಅಳತೆ

ಜೂನ್ 3, ಸಂಜೆ

ಎರಡು ಕೋಟು, ಒಂದು ಫ್ರಾಕು ಮುಗಿದವು. ಕಾಜಾ ಬಾಕಿ. ಅತ್ತೆಯ ಕನ್ನಡಕ ಮತ್ತೆ ಕಳೆದು, ಮತ್ತೆ ಅವರ ತಲೆಯ ಮೇಲೇ ಸಿಕ್ಕಿತು.

ಅದೆಲ್ಲ ಇರಲಿ. ದೊಡ್ಡಾಸ್ಪತ್ರೆಯಿಂದ ಫೋನ್! ನರ್ಸುಗಳು, ವಾರ್ಡಿನವರು, ಅಡುಗೆಮನೆಯವರು—ಎಲ್ಲರ ಯೂನಿಫಾರ್ಮ್ ಇನ್ನು ಊರಿನಲ್ಲೇ ಹೊಲಿಸುತ್ತಾರಂತೆ. ನಮ್ಮ ಅಂಗಡಿಯ ಹೆಸರು ಹೇಳಿದವರು ಅಲ್ಲಿನ ನರ್ಸುಗಳ ಮುಖ್ಯಸ್ಥೆ, ಮೇಟ್ರನ್. ನಮ್ಮ ಹಳೆಯ ಗಿರಾಕಿ. ಮೂಗಿನ ತುದಿಯಲ್ಲೇ ಕೋಪ. ಆದರೂ ನಮ್ಮನ್ನೇ ನೆನೆದರಲ್ಲ!

ಈ ಕೆಲಸ ಸಿಕ್ಕರೆ ನಾದಿನಿ ದೂರದ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗಬೇಕಾಗಿಲ್ಲ. ಇಲ್ಲಿ ಮೂವರಿಗೆ ಕೆಲಸವಿಲ್ಲವೆಂದು ಆಗಲೇ ಬ್ಯಾಗ್ ತುಂಬಿಟ್ಟಿದ್ದಾಳೆ. ಅತ್ತೆ ಆ ಬ್ಯಾಗಿನ ಕಡೆ ನೋಡುವುದೇ ಇಲ್ಲ. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ.

ಜೂನ್ 4

ಒಂದು ಷರತ್ತಿದೆ. ಜನರ ಖಾಸಗಿ ಮಾಹಿತಿ ಕಾಪಾಡುವ ಹೊಸ ಕಾನೂನು ಬಂದಿದೆಯಲ್ಲ… ಬ್ಯಾಂಕಿನವರಿಗೆ, ಫೋನ್ ಕಂಪನಿಯವರಿಗೆ ಇರಬೇಕು ಎಂದುಕೊಂಡಿದ್ದೆ. ನಮಗೂ ಅಂತೆ. ಸೊಂಟದ ಸುತ್ತಳತೆಯೂ ಖಾಸಗಿ ಮಾಹಿತಿ! ಇದನ್ನು ಹೆಂಗಸರಿಗೆ ಕಾನೂನು ಬಂದು ಹೇಳಬೇಕಿತ್ತೇ?

ಒಪ್ಪಿಗೆ ಕೇಳಿಯೇ ಬರೆದುಕೊಳ್ಳಬೇಕು. ಬೇಕಾದಷ್ಟೇ ಬರೆಯಬೇಕು. ಭದ್ರವಾಗಿಡಬೇಕು. ಕೇಳಿದವರಿಗೆ ಅವರದ್ದನ್ನು ಪೂರ್ತಿ ತೋರಿಸಬೇಕು. ಹೀಗೆ ನಡೆಯದ ಅಂಗಡಿಗೆ ಆಸ್ಪತ್ರೆಯವರು ಕೆಲಸ ಕೊಡುವಂತಿಲ್ಲ. ಮೇಟ್ರನ್ ಹತ್ತನೇ ತಾರೀಖು ಬಂದು ನೋಡುತ್ತಾರೆ.

ಅತ್ತೆಗೆ ಹೇಳಿದೆ. "ಇಷ್ಟು ವರ್ಷದಿಂದ ಅಳೀತಿದ್ದೀನಿ, ಯಾರ ಸೊಂಟಾನೂ ಕದ್ದಿಲ್ಲ," ಎಂದರು.

ಜೂನ್ 6

ಕೈ ತುಂಬ ಕೆಲಸ, ಮನಸ್ಸು ಮಾತ್ರ ಹಗುರ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದ ಅಳತೆಗಳನ್ನೆಲ್ಲ ಅಳಿಸಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೆ. ನಾದಿನಿ ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿದಳು—ಕಿತ್ತು ಬಿಸಾಕಿದೆ. ಅಳತೆ ತೆಗೆಯುವ ಮೂಲೆಗೆ ಪರದೆ ಬಂತು. ಇಂಚು ಕೂಗುವುದು ಬಂದ್. ಇಷ್ಟು ದಿನ ಅತ್ತೆ ಅಲ್ಲಿಂದ ಕೂಗುವುದು, ನಾನು ಇಲ್ಲಿ ಟೈಪ್ ಮಾಡುವುದು, ಬೀದಿಯೆಲ್ಲ ಕೇಳಿಸಿಕೊಳ್ಳುವುದು.

ಕೂಗದೇ ಇದ್ದದ್ದು ಒಂದೇ—ಮೈಯ ಓರೆಕೋರೆ. ಅದಕ್ಕೆ ಅತ್ತೆ ಕತ್ತರಿಯಿಂದ ಮೇಜಿಗೆ ಟಕ್ ಎನ್ನಿಸುತ್ತಾರೆ. ಒಂದು ಟಕ್: ಬಲ ಭುಜ ಇಳಿದಿದೆ, ಒಳಗೆ ಪ್ಯಾಡ್ ಇಡು. ಎರಡು: ಎಡ ಭುಜ. ಗಿರಾಕಿಗೆ ಏನೂ ತಿಳಿಯದು. ಕನ್ನಡಿಯಲ್ಲಿ ನೆಟ್ಟಗೆ ಕಂಡು ಖುಷಿಯಾಗಿ ಹೋಗುತ್ತಾರೆ. ನಾನು ಮಾತ್ರ ಎಲ್ಲವನ್ನೂ ಬಿಡಿಸಿ ಬಿಡಿಸಿ ಟೈಪ್ ಮಾಡಿಟ್ಟಿದ್ದೇನೆ.

ಇದನ್ನೂ ತೋರಿಸಬೇಕೇ?… ಯಾರು ಕೇಳುತ್ತಾರೆ, ಬಿಡು.

ಜೂನ್ 9

ಕೇಳಿದರು! ಮೇಟ್ರನ್ನಿಂದಲೇ ಮೆಸೇಜ್. ಅವರ ಬಗ್ಗೆ ನಮ್ಮಲ್ಲಿರುವುದನ್ನೆಲ್ಲ ನಾಳೆ ಪ್ರಿಂಟ್ ತೆಗೆದು ಕೊಡಬೇಕಂತೆ. ಪರೀಕ್ಷೆ ಎಂದರೆ ಇದು.

ಫೈಲ್ ತೆರೆದೆ. ಅಳತೆಗಳ ಕೆಳಗೆ ನನ್ನದೇ ಟೈಪಿಂಗ್: "ಬಲ ಭುಜ ಇಳಿದಿದೆ. ಪ್ಯಾಡ್. ಹೇಳಬಾರದು. ಸಿಡುಕಿ." ನಾದಿನಿಯನ್ನು ಕರೆದು ತೋರಿಸಿದೆ.

"ಅಳಿಸಿಬಿಡಿ ಅತ್ತಿಗೆ. ಯಾರಿಗೆ ಗೊತ್ತಾಗುತ್ತೆ?" ಎಂದಳು ನಾದಿನಿ.

ಯಾರಿಗೂ ಗೊತ್ತಾಗದು, ನಿಜ. ಬೆರಳು ಅಳಿಸುವ ಗುಂಡಿಯ ಮೇಲೇ ಇತ್ತು. ಬ್ಯಾಗ್ ತುಂಬಿಟ್ಟವಳು ಅವಳು, ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕೇಳಿದ ಮೇಲೂ ಮುಚ್ಚಿಟ್ಟರೆ ಆ ಪರದೆ, ಪಾಸ್‌ವರ್ಡ್ ಎಲ್ಲ ಬರೀ ವೇಷ. ಅತ್ತೆಯನ್ನು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು: "ಭುಜ ನಾನು ಹೇಳಿದ್ದು. ಸಿಡುಕಿ ಅನ್ನೋದು ನಿನ್ನ ಬಾಯಿಚಪಲ. ಎರಡನ್ನೂ ಕೊಡು. ಬೈಸ್ಕೊಳ್ಳೋಣ."

ಕೊಡುತ್ತೇನೆ. ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದೇನೆ.

ಜೂನ್ 10, ಮಧ್ಯಾಹ್ನ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗೆ ಬಂದರೂ ಸರಿ.

ಬಂದರು. ಮೇಟ್ರನ್ ಪ್ರಿಂಟನ್ನು ನಿಂತೇ ಓದಿದರು. ಮುಖ ಕೆಂಪಾಯಿತು. ಸಿಡುಕಿ ಎಂದದ್ದು ನಾನು, ತಪ್ಪಾಯಿತು ಎಂದೆ. ಅದು ಆಸ್ಪತ್ರೆಗೆಲ್ಲ ಗೊತ್ತಿರುವ ವಿಷಯ ಎಂದು ತಳ್ಳಿಹಾಕಿ, ಭುಜದ ಸಾಲಿನ ಮೇಲೆ ಬೆರಳಿಟ್ಟರು. ಯಾವಾಗಿನಿಂದ, ಎಂದು ಕೇಳಿದರು. ಮೊದಲ ಕೋಟಿನಿಂದಲೂ, ಎಂದರು ಅತ್ತೆ. ನನ್ನೆದುರಿಗೇ ನನಗೆ ತಿಳಿಯದಂತೆ ಹೇಗೆ ಹೇಳಿಕೊಂಡಿರಿ, ಎಂದರು ಮೇಟ್ರನ್. ಕತ್ತರಿಯ ಗುಟ್ಟನ್ನೂ ಬಿಟ್ಟುಕೊಟ್ಟೆ.

ಕನ್ನಡಿಯ ಮುಂದೆ ಹೋಗಿ ಎರಡೂ ಭುಜ ಮುಟ್ಟಿ ನೋಡಿಕೊಂಡರು. ರೋಗಿಗಳನ್ನು ಎತ್ತಿ ಎತ್ತಿ ಆದದ್ದಿರಬೇಕು ಎಂದರು. ಬೇರೆ ಕಡೆ ಹೊಲಿಸಿದ್ದು ಯಾವುದೂ ಮೈಗೆ ಯಾಕೆ ಕೂರುತ್ತಿರಲಿಲ್ಲ ಎಂದು ಈಗ ತಿಳಿಯಿತಂತೆ. ಆಮೇಲೆ ತಿರುಗಿದರು.

"ನೀವು ಮಾಡಿದ್ದು ಉಪಕಾರಾನೇ ಅಮ್ಮ. ಆದ್ರೆ ನನ್ನ ಮೈ ವಿಷಯ ನನಗೇ ಹೇಳ್ದೆ ಬರ್ಕೊಂಡಿದ್ದು ತಪ್ಪು. ನಮ್ಮ ಹುಡುಗೀರಿಗೆ ಹೀಗೆ ಮಾಡ್ಬೇಡಿ. ಮೊದಲು ಅವರಿಗೆ ಹೇಳಿ."

ನಮ್ಮ ಹುಡುಗೀರಿಗೆ! ಅಂದರೆ ಕೆಲಸ ನಮ್ಮದೇ! ನಾದಿನಿ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಇನ್ನೂ ಉರಿಯುತ್ತಿದೆ.

ಹೊರಡುವ ಮುಂಚೆ ಹೊಸ ಕೋಟಿಗೆ ಅಳತೆ ಕೊಡುತ್ತೇನೆಂದು ಪರದೆಯೊಳಗೆ ಹೋದರು. ಇಂಚುಗಳನ್ನು ಅತ್ತೆ ಮೆಲ್ಲಗೆ ಚೀಟಿಯಲ್ಲಿ ಬರೆದು ಆಚೆ ಕೊಟ್ಟರು. ಸದ್ದಿಲ್ಲ. ಪಾಪ, ಕತ್ತರಿ ಮುಟ್ಟಲು ಅತ್ತೆಗೆ ಧೈರ್ಯ ಬರಲಿಲ್ಲ. ಆಗ ಕೇಳಿಸಿತು—ಒಂದು ಟಕ್. ಅತ್ತೆಯ ಟಕ್ ಅಲ್ಲ ಅದು, ನನಗೆ ಗೊತ್ತಾಗದೇ?

ಟೈಪ್ ಮಾಡಿದೆ: "ಬಲ ಭುಜ. ಪ್ಯಾಡ್. ಅವರೇ ಹೇಳಿದ್ದು."

ಕಣ್ಣು ತುಂಬಿ ಪರದೆಯೂ ಕಾಣಲಿಲ್ಲ, ಕಂಪ್ಯೂಟರೂ ಕಾಣಲಿಲ್ಲ.

ಜೂನ್ 14, ಬೆಳಿಗ್ಗೆ

ನಾದಿನಿಯ ಬ್ಯಾಗಿನಲ್ಲಿ ಈಗ ಭುಜದ ಪ್ಯಾಡುಗಳು. ಅತ್ತೆ ಬೇಕೆಂದೇ ಅದರಲ್ಲಿ ತುಂಬಿಟ್ಟಿದ್ದಾರೆ.

ಹೊರಗೆ ನರ್ಸುಗಳ ಸಾಲು, ಬಾಗಿಲಿನಿಂದ ಬೀದಿಯವರೆಗೆ! ಒಬ್ಬೊಬ್ಬರಿಗೂ ಹೇಳಿ, ಕೇಳಿ, ಒಪ್ಪಿಗೆ ಪಡೆದೇ ಒಳಗೆ. ಮೊದಲನೆಯವಳು ಹೋಗಿದ್ದಾಳೆ. ಅತ್ತೆ ಪಿಸುಗುಟ್ಟುತ್ತಿದ್ದಾರೆ… ಇಬ್ಬರೂ ನಗುತ್ತಿದ್ದಾರೆ. ಕತ್ತರಿ ಅವಳ ಕೈಯಲ್ಲೇ ಇರಬೇಕು. ಒಂದು ಟಕ್. ಎರಡು. ಮೂರು—

ಮೂರಕ್ಕೆ ಏನರ್ಥ? ಅತ್ತೆ ನನಗೆ ಹೇಳಿಯೇ ಇಲ್ಲವಲ್ಲ! ಎದ್ದು ಹೋಗಿ ಕೇಳಿ ಬರುತ್ತೇನೆ.