ಮಾರ್ಚ್ ಒಂಬತ್ತರ ಗಾದೆ

ಅಕ್ಟೋಬರ್ ಹನ್ನೆರಡು, ಸೋಮವಾರ ರಾತ್ರಿ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ನಾನು ಫೋನು ಎತ್ತುವುದಿಲ್ಲವೆಂದು ನೀನು ಬರೆದ ಎರಡು ಕಾಗದಗಳೂ ಕೈಸೇರಿ ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ನಿನ್ನ ಮಂಡಿನೋವು ಈಗ ಹೇಗಿದೆ? ಅತ್ತೆ ನಿನ್ನನ್ನು ವಿಚಾರಿಸಿದ್ದಾರೆ. ಇವತ್ತು ನನ್ನನ್ನು ಬರೆಯಲು ಕೂರಿಸಿದ್ದು ಸಿಟ್ಟು. ಯಾರ ಮುಂದಾದರೂ ಕಾರಿಕೊಳ್ಳದಿದ್ದರೆ ತಲೆ ಸಿಡಿದೀತು.

ನಮ್ಮ ಪ್ರೆಸ್ಸಿನ ಕೆಲಸ ನಿನಗೆ ಗೊತ್ತೇ ಇದೆ. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರು, ಪ್ರತಿ ತಾರೀಖಿನ ಕೆಳಗೂ ಒಂದು ಗಾದೆಯೋ ಹಿತನುಡಿಯೋ. ಅದನ್ನು ಆರಿಸುವವಳು ನಾನು. ತಿಂಗಳ ಮೊದಲಿಗೆ ‘ಹನಿ ಹನಿ ಗೂಡಿದರೆ ಹಳ್ಳ’, ಕೈ ಬರಿದಾಗುವ ಕೊನೆಯ ವಾರಕ್ಕೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಭಾನುವಾರಕ್ಕೆ ಮಾತ್ರ ಸೋಮಾರಿಗಳನ್ನು ಬೈಯುವಂಥದ್ದು ಹಾಕಬಾರದು, ಜನ ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮವರು ಅಲ್ಲೇ ಮಷೀನು ನಡೆಸುತ್ತ ಆ ಹಾಳೆಗಳನ್ನು ಅಚ್ಚು ಹಾಕುತ್ತಿದ್ದರು. “ನೀನು ಊರಿಗೆಲ್ಲ ಬುದ್ಧಿ ಹೇಳು, ನಾನು ಅದಕ್ಕೆ ಮಸಿ ಬಳೀತೀನಿ” ಎಂದು ನಗುತ್ತಿದ್ದರು.

ಈ ಮಾರ್ಚ್ ಒಂಬತ್ತರಂದು ಅವರು ಹೋದರಲ್ಲ, ನಾನು ಹಂಚಿದ ಬುದ್ಧಿಯೆಲ್ಲ ಬಡ್ಡಿ ಸಮೇತ ನನಗೇ ವಾಪಸ್ಸು ಬಂತು. ಬಂದವರೆಲ್ಲ ಗಾದೆ ಹೊತ್ತೇ ಬಂದರು. ಪಕ್ಕದ ಮನೆಯ ಮೇಷ್ಟ್ರು “ಹುಟ್ಟಿದವನು ಸಾಯಲೇಬೇಕಲ್ಲಮ್ಮ” ಎಂದರು. ಅವರ ಹೆಂಡತಿ “ಆಗೋದೆಲ್ಲ ಒಳ್ಳೇದಕ್ಕೇ” ಎಂದಳು. ಏನು ಒಳ್ಳೆಯದಾಯಿತು ಹೇಳು ಮಹಾತಾಯಿ, ಎಂದು ಕೇಳಲು ಬಾಯಿಯವರೆಗೆ ಬಂದಿತ್ತು. ಅತ್ತೆ ಒಬ್ಬರೇ ಏನೂ ಹೇಳಲಿಲ್ಲ. ಹೆತ್ತ ಮಗನನ್ನು ಕಳೆದುಕೊಂಡವರು, ಮರುದಿನ ನನ್ನ ಪಕ್ಕ ಬಂದು ಕೂತು ಬಟಾಣಿ ಸುಲಿದರು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿದೆ.

ಈಗ ಮುಂದಿನ ವರ್ಷದ ಕ್ಯಾಲೆಂಡರಿನ ಗಡಿಬಿಡಿ. ಜನವರಿ, ಫೆಬ್ರವರಿ ಹೇಗೋ ದಾಟಿದೆ. ಮಾರ್ಚ್ ಒಂಬತ್ತಕ್ಕೆ ಬಂದಾಗ ಕೈ ನಿಂತಿತು. ಯಾವ ಗಾದೆ ಎತ್ತಿಕೊಂಡರೂ ಮೈ ಉರಿಯಿತು. ಅಲ್ಲಿ ಖಾಲಿ ಬಿಟ್ಟು ಒಪ್ಪಿಸಿಬಿಟ್ಟೆ.

ಇವತ್ತು ಬೆಳಿಗ್ಗೆ ಮಾಲೀಕರು ಪ್ರೂಫ್ ಹಿಡಿದು ಬಂದರು.

“ಏನಮ್ಮ, ಇಲ್ಲೊಂದು ದಿನ ಬಿಟ್ಟುಹೋಗಿದೆ?”

“ಬಿಟ್ಟುಹೋಗಿಲ್ಲ ಸಾರ್, ನಾನೇ ಬಿಟ್ಟಿದೀನಿ. ಅವತ್ತು ಇವರು ಹೋದ ದಿನ.”

ಪ್ರೂಫನ್ನು ನನ್ನ ಮೇಜಿನ ಮೇಲಿಟ್ಟರು. ಆಮೇಲೆ “ನಿನ್ನ ದುಃಖ ನಂಗೆ ಗೊತ್ತಾಗಲ್ವಾ? ಆದ್ರೆ ಕೊಂಡುಕೊಳ್ಳೋರಿಗೆ ಅದೂ ಒಂದು ದಿನ ಅಷ್ಟೇ. ‘ತಾಳಿದವನು ಬಾಳಿಯಾನು’ ಅಂತ ಹಾಕಿಬಿಡು. ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ” ಎಂದರು.

“ಗಾದೆ ಸುಳ್ಳಲ್ಲ ಸಾರ್. ಹೇಳೋ ಹೊತ್ತು ಸುಳ್ಳು.”

“ಸಂಜೆಯೊಳಗೆ ತುಂಬಿಸಿಕೊಡು. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ಕೋತೀನಿ.”

ಅವರು ಕೆಟ್ಟವರಲ್ಲ ಕಣೆ, ಆಸ್ಪತ್ರೆಗೆ ಮೊದಲು ಓಡಿಬಂದವರೇ ಅವರು. ಅದಕ್ಕೇ ನನಗೆ ಇನ್ನೂ ಕೋಪ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಹೋಗಲಿ ಎಂದು ಹಲ್ಲು ಕಚ್ಚಿ ಕೂತೆ. ಸಂಜೆ ಒಂದು ಸಾಲು ಬರೆದು ಕೊಟ್ಟೆ: ‘ಅಳುವವರ ಪಕ್ಕ ಸುಮ್ಮನೆ ಕೂತಿರಿ.’ ಓದಿ ಮೂಗು ಮುರಿದರು. “ಇದ್ಯಾವ ಗಾದೆಯಮ್ಮ? ಪ್ರಾಸ ಇಲ್ಲ, ಏನಿಲ್ಲ” ಎಂದು ನನ್ನೆದುರೇ ಹೊಡೆದುಹಾಕಿ ತಮ್ಮ ‘ತಾಳಿದವನು’ ಬರೆದರು. ನಾನು ಚೀಲ ಎತ್ತಿಕೊಂಡು ಬಂದುಬಿಟ್ಟೆ. ತಾಳಿ ತಾಳಿ ಸಾಕಾಗಿದೆ.

ಕೆಲಸ ಬಿಟ್ಟೆನೆಂದು ಅತ್ತೆಗೆ ಹೇಳಿದೆ. “ಮೊದಲು ಊಟ ಮಾಡು” ಎಂದರು. ಮನೆ ನಡೆಯಬೇಕಲ್ಲ, ನಿಮ್ಮ ಕಡೆ ಪ್ರೂಫ್ ನೋಡುವ ಕೆಲಸವೇನಾದರೂ ಇದ್ದರೆ ತಿಳಿಸು. ಮಕ್ಕಳಿಗೆ ನನ್ನ ಆಶೀರ್ವಾದ, ನಿಮ್ಮವರಿಗೆ ನಮಸ್ಕಾರ. ನಿನ್ನ ಮನೆ ತಣ್ಣಗಿರಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ
ಉದ್ದಜಡೆ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ‘ನನ್ನ ಮೇಲೇಕೆ ಮುನಿಸು’ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಅವತ್ತು ನಾನು ಮೊದಲು ಫೋನು ಮಾಡಿದ್ದು ನಿನಗೆ. ನಿನ್ನಿಂದ ವಾಟ್ಸಾಪಿನಲ್ಲಿ ಬಂದದ್ದು ಗುಲಾಬಿ ಹೂವಿನ ಚಿತ್ರದ ಮೇಲೆ ಒಂದು ಸಾಲು: ‘ಧೈರ್ಯಂ ಸರ್ವತ್ರ ಸಾಧನಂ.’ ಅದನ್ನು ಓದಿದ ಮೇಲೂ, ಹೊರಟುಬಿಟ್ಟಿರುತ್ತೀಯ ಅಂದುಕೊಂಡೆ. ಹೊತ್ತಾಯಿತು, ಒಯ್ಯೋಣ ಎಂದು ಎಲ್ಲರೂ ಅವಸರ ಮಾಡಿದಾಗ, “ಇನ್ನೊಂದು ಬಸ್ಸಿದೆ, ಗುಬ್ಬಿ ಬರ್ತಾಳೆ” ಎಂದು ತಡೆದವಳು ನಾನೇ. ಅವರನ್ನು ಹಾಗೇ ಮಲಗಿಸಿಕೊಂಡು ಕಾದೆವು. ಬಸ್ಸು ಬಂತು.

ನೀನು ಯಾಕೆ ಬರಲಿಲ್ಲ ಗುಬ್ಬಿ?