ಎಡಗೈಯ ಕೆಲಸ

ಹುಬ್ಬಳ್ಳಿ,
೧೨ ನವೆಂಬರ್ ೧೯೬೪

ಮಗಳೇ ಶರಣವ್ವಾ, ನಿನಗೂ ಅಳಿಯಂದಿರಿಗೂ ಶಿವನ ಕೃಪೆ ಇರಲಿ.

ಹಾಂ, ಆ ಕೈಯ ಮಾತು. ನಿನ್ನೆ ಸ್ಟೇಷನ್ನಿನಲ್ಲಿ ನೀನು 'ಅಪ್ಪಾ, ಎಡಗೈ ತೋರಸ್ರಿ' ಎಂದಾಗ ನಾನು ಶಾಲಿನೊಳಗೇ ಇಟ್ಟುಕೊಂಡೆ. ಅಷ್ಟರಲ್ಲಿ ಗಾಡಿ ಬಂತು, ಬಚಾವಾದೆ. ಈಗ ಹೇಳುತ್ತೇನೆ.

ಲಕ್ವಾ ಹೊಡೆದಾಗಿನಿಂದ ಮನೆಗೇ ಬಂದು ನನ್ನ ಕೈಕಾಲಿಗೆ ಮತ್ತೆ ಕೆಲಸ ಕಲಿಸುವ ಶಹಜಹಾನಬೇಗಂ, ಅದೇ, ಕೊಡೆ ಹಿಡಿದು ಬರುವವಳು, ಮೊದಲ ದಿನವೇ ಕೇಳಿದ್ದಳು: 'ಕಾಕಾ, ಎಡಗೈಲೆ ದಿನಾ ಏನೇನ ಮಾಡತಿದ್ರಿ?' ಯೋಚಿಸಿದೆ. ಊಟ ಬಲಗೈ, ಬರಹ ಬಲಗೈ. 'ಎಡಗೈಗೇನ ಕೆಲಸವ್ವಾ? ನಥಿಂಗ್ ಪರ್ಟಿಕ್ಯುಲರ್' ಎಂದೆ. ನಿಮ್ಮ ಗೌರಕ್ಕ ಅತ್ತೆಯೂ ಹೌದೆಂದಳು. ಅದನ್ನು ನಂಬಿ ಆಕೆ ಕಾಲಿಗೇ ಹೆಚ್ಚು ದುಡಿದಳು. ಕಾಲು ಸುಧಾರಿಸಿತು, ಕೋಲೂರಿಕೊಂಡು ಸ್ಟೇಷನ್ನಿನ ತನಕ ಬಂದದ್ದು ನೀನೇ ನೋಡಿದೆ. ಕೈ ಮಾತ್ರ ಮುಷ್ಟಿ ಕಟ್ಟಿ, ಕವುಚಿಕೊಂಡು ಕೂತುಬಿಟ್ಟಿತು.

ಲಿಂಗಪೂಜೆಯನ್ನು ಕೆಲಸವೆಂದು ಯಾರಾದರೂ ಎಣಿಸುತ್ತಾರೇನು? ಚಿಕ್ಕಂದಿನಿಂದ ಎಡ ಅಂಗೈಯೇ ಲಿಂಗದ ಪೀಠ. ಲಕ್ವಾ ಹೊಡೆದ ಮೇಲೆ ದಿನಾ ಬೆಳಿಗ್ಗೆ ಗೌರಕ್ಕ ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಕೆಳಗಿನಿಂದ ತನ್ನ ಕೈ ಕೊಟ್ಟು ಹಿಡಿಯುತ್ತಿದ್ದಳು. ಪಾಪ, ಅಕ್ಕರೆಯಿಂದಲೇ. ಆದರೆ ಕಣ್ಣು ಮುಚ್ಚಿದರೆ ನನಗೆ ಅವಳ ಉಸಿರೇ ಕೇಳುತ್ತಿತ್ತು. ನಿಮ್ಮವ್ವ ಹೋದ ಮೇಲೆ ನಾನು ಮನಸ್ಸು ಬಿಚ್ಚುವ ಹೊತ್ತು ಅದೊಂದೇ ಇತ್ತು, ಅದೂ ನನ್ನದಾಗಿ ಉಳಿಯಲಿಲ್ಲ.

ಒಂದು ದಿನ ಬೇಗಂ ಹೊತ್ತಿಗೆ ಮುಂಚೆಯೇ ಬಂದಳು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತು ಎಲ್ಲ ನೋಡಿದಳು. ಪೂಜೆ ಮುಗಿದದ್ದೇ ತಡ, 'ಇಷ್ಟ ದೊಡ್ಡ ಕೆಲಸಾ ಮುಚ್ಚಿಟ್ಟಿದ್ರೇನ್ರಿ ಕಾಕಾ?'

'ಅದು ಪೂಜಾ ಅವ್ವಾ, ಕೆಲಸಾ ಅಲ್ಲ.'

'ನಿಮಗ ಪೂಜಾ. ನಿಮ್ಮ ಕೈಗೆ ಅದು ಕೆಲಸಾನ.'

ಗೌರಕ್ಕ ಗಾಬರಿಯಾಗಿ, ಲಿಂಗ ಮುಟ್ಟಬ್ಯಾಡವಾ ಎಂದಳು. 'ನಾ ಯಾಕ ಮುಟ್ಟಲ್ರಿ? ಒಂದ ಲಿಂಬಿಹಣ್ಣ ಕೊಡ್ರಿ, ಸಾಕು. ಮತ್ತ ನೀವು ಕೈ ತಗೀರಿ ಅಕ್ಕಾರ. ನಿಮ್ಮ ಮಾಯಾ-ಮಮತಾನ ಅಡ್ಡ ಆಗೇತಿ.' ಗೌರಕ್ಕ ಒಂದು ವಾರ ಆಕೆಗೆ ಚಹಾ ಕೇಳಲಿಲ್ಲ.

ಆಮೇಲೆ ಲಿಂಬೆಹಣ್ಣಿನ ಪಾಠ. ಬಿಸಿನೀರಿನಲ್ಲಿ ಕೈ ನೆನೆಸಿ, ಮೊಣಕೈ ತೊಡೆಗೆ ಆನಿಸಿ, ಅಂಗೈಯನ್ನು ಮೆಲ್ಲಗೆ ಮೇಲ್ಮುಖ ಮಾಡಿ, ಅದರ ಮೇಲೆ ಹಣ್ಣು ನಿಲ್ಲಿಸುವುದು. ಹಣ್ಣು ಉರುಳಿ ಮಂಚದ ಬುಡಕ್ಕೆ. 'ಈ ವರ್ಷ ಉಪ್ಪಿನಕಾಯಿ ಮಂಚದ ಬುಡಕನ ಹಾಕತೇನಿ ತಗೋ ಅಣ್ಣಾ' ಎಂದು ಗೌರಕ್ಕನ ಚುಚ್ಚುಮಾತು. ಕಾಲೇಜಿನಲ್ಲಿ ಕಲಿತಿದ್ದೆ, ವೇರ್ ದೇರ್ ಈಜ್ ಎ ವಿಲ್, ದೇರ್ ಈಜ್ ಎ... ರೋಡೇನೋ. ಇರಲಿ. ಹಣ್ಣು ನಿಲ್ಲತೊಡಗಿತು. ಆದರೆ ಲಿಂಗ ಇಡಲು ಧೈರ್ಯ ಬರಲಿಲ್ಲ. ಹಣ್ಣು ಬಿದ್ದರೆ ಎತ್ತಿಕೊಳ್ಳಬಹುದು. ಲಿಂಗ ನೆಲಕ್ಕೆ ಬಿದ್ದರೆ ನಾನು ಮತ್ತೆ ಪೂಜೆಗೆ ಕೂಡುವ ಆಸಾಮಿಯೇ ಅಲ್ಲ. ಇಂಥ ಅರ್ಧಂಬರ್ಧ ಕೈಯನ್ನು ನಿನಗೆ ಏನೆಂದು ತೋರಿಸಲಿ?

ಇವತ್ತು ಬೆಳಿಗ್ಗೆ, ನೀನಿಲ್ಲದೆ ಮನೆ ಬಣಬಣ ಅನ್ನುತ್ತಿತ್ತು. ಏನನ್ನಿಸಿತೋ, ಗೌರಕ್ಕನಿಗೆ ದೂರ ಕೂಡಲು ಹೇಳಿ, ಲಿಂಗವನ್ನು ಅಂಗೈ ಮೇಲಿಟ್ಟುಕೊಂಡೆ. ಕಣ್ಣು ಮುಚ್ಚಿದೆ. ತೆರೆದಾಗ ನೋಡುತ್ತೇನೆ, ಗೌರಕ್ಕ ಸದ್ದಿಲ್ಲದೆ ಹತ್ತಿರ ಸರಿದು, ನನ್ನನ್ನು ಮುಟ್ಟದೆ, ಕೈಯಡಿಗೆ ಸೆರಗು ಹಾಸಿ ಹಿಡಿದಿದ್ದಾಳೆ! ಪೂಜೆ ಮುಗಿಯುವ ತನಕ ಹಿಡಿದೇ ಇದ್ದಳು.

ಸೆರಗು ಖಾಲಿಯೇ ಉಳಿಯಿತು, ಶರಣವ್ವಾ.

ಇನ್ನೂ ಏನೋ ಬರೆಯುವುದಿತ್ತು... ಅರೆ, ಅಕ್ಷರವೇ ಕಾಣದಂತಾಯಿತಲ್ಲ. ಕಿಟಕಿಯ ಬೆಳಕು ಹೋಗುತ್ತಿದೆ.

ನಿನ್ನ ಅಪ್ಪ,
ಶಾಂತಯ್ಯ

ತಾ.ಕ.: ಗಬ್ಬೂರಿನ ಗೋವಿಂದಪ್ಪನವರು ಲಕ್ವಾ ಹೊಡೆದು ಗೋಡೆಗೆ ಮುಖ ಮಾಡಿ ಮಲಗಿದ್ದಾರಂತೆ, ಯಾರಿಗೂ ಕೈ ಮುಟ್ಟಗೊಡುವುದಿಲ್ಲವಂತೆ. 'ನೀವ ಬಂದು ಮಾತಾಡ್ರಿ ಕಾಕಾ, ನಿಮ್ಮ ಮಾತಿಗೆ ಬ್ಯಾಸತ್ತಾದ್ರೂ ಎದ್ದ ಕೂಡತಾರ' ಎಂದಳು ಬೇಗಂ. ರವಿವಾರ ಆಕೆಯೊಂದಿಗೆ ಟಾಂಗಾದಲ್ಲಿ ಹೊರಟಿದ್ದೇನೆ. ಗೌರಕ್ಕನಿಗೆ ಇನ್ನೂ ಹೇಳಿಲ್ಲ, ನೀನೂ ಬರೆಯಬೇಡ.