ಚಾಪೆಗೆ ಬೇಕಾದ ನಿನ್ನ ಸಹಿ

ಕೋತಗೆಡೆ, ಯೋಗ್ಯಕರ್ತ
ಬುಧವಾರ, ನವೆಂಬರ್ ೧೨, ೨೦೨೫

ಪ್ರೀತಿಯ ಮಾಸ್ ಲಾಂತಿಪ್,

ನೀನು ಎಲ್ಲರಿಗೂ ಎಂದು ಕೊಟ್ಟದ್ದನ್ನು ಕಂಪನಿ ತನ್ನದು ಮಾಡಿಕೊಳ್ಳುತ್ತಿದೆ. ಇದು ಕಳ್ಳತನ. ಆ ಕಳ್ಳತನಕ್ಕೆ ಜನ ಸೇರಿಸುವ ಕೆಲಸ ನನ್ನದು. ಅಣ್ಣನಿಗೆ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು, ಗೊತ್ತು. ಆದರೆ ಇದನ್ನು ಮೊದಲು ಹೇಳದೆ ಬೇರೇನೂ ಬರೆಯಲಾಗುತ್ತಿರಲಿಲ್ಲ.

ಈಗ ಕೇಳುತ್ತೇನೆ. ಹೇಗಿದ್ದೀಯ? ಕೆಮ್ಮು ನಿಂತಿತೇ? ಆ ಫ್ಲೋರೆಸ್ ದ್ವೀಪದಲ್ಲಿ, ಎಂಡೆ ಊರಿನ ಸೆಕೆಯಲ್ಲಿ, ನಿನ್ನ ಶಾಲೆಯ ಹಳೆಯ ಕಂಪ್ಯೂಟರುಗಳು ಇನ್ನೂ ಉಸಿರಾಡುತ್ತಿವೆಯೇ? ಅಲ್ಲಿನವರ ಜೊತೆ ಕೂತು ಎಲೆ-ಅಡಿಕೆ ಜಗಿದು ಹಲ್ಲು ಕೆಂಪು ಮಾಡಿಕೊಂಡಿದ್ದೀಯೆಂದು ಯಾರೋ ಅಮ್ಮನ ಕಿವಿಗೆ ಹಾಕಿದ್ದಾರೆ. "ಜಾವಾದ ಹುಡುಗನಿಗೆ ಫ್ಲೋರೆಸ್ ಬಾಯಿ ಬಂತಲ್ಲಪ್ಪಾ" ಎಂದು ಬೀದಿಯವರ ಮುಂದೆಲ್ಲ ನಗುತ್ತಾಳೆ. ಆಮೇಲೆ ಒಳಗೆ ಬಂದು ನಿನ್ನ ತಟ್ಟೆ ಒರೆಸಿಡುತ್ತಾಳೆ. ಅವಳ ಮಂಡಿ ನೋವು ಹಾಗೇ ಇದೆ. ಬೆಕ್ಕು ಈಗಲೂ ನಿನ್ನ ಪುಸ್ತಕದ ಪೆಟ್ಟಿಗೆಯ ಮೇಲೇ ಮಲಗುತ್ತದೆ. ಆ ಪೆಟ್ಟಿಗೆಯಲ್ಲಿ ನೀನು ಬಿಟ್ಟುಹೋದ ಮುಕ್ತ ತಂತ್ರಾಂಶದ ಕರಪತ್ರಗಳನ್ನೆಲ್ಲ ಓದಿ ಮುಗಿಸಿದ್ದೇನೆ, ಕೆಲವನ್ನು ಎರಡೆರಡು ಸಲ. ಮಾತೆತ್ತಿದರೆ ಅವುಗಳ ಸಾಲನ್ನೇ ಹೇಳುತ್ತೇನೆಂದು ಆಫೀಸಿನಲ್ಲಿ ನನ್ನನ್ನು "ಕರಪತ್ರದ ಮಂತ್ರಿಣಿ" ಎನ್ನುತ್ತಾರೆ. ಕೈಬರಹದಲ್ಲಿ ಬರೆಯುತ್ತಿರುವುದಕ್ಕೆ ನಗಬೇಡ. ನನ್ನ ಫೋನು, ಲ್ಯಾಪ್‌ಟಾಪು ಎರಡೂ ಕಂಪನಿಯವು. ಅದರಲ್ಲಿ ಬರೆದದ್ದನ್ನು ಅವರು ನೋಡಬಹುದು. ನಿನಗೋ ಗುಡ್ಡ ಹತ್ತದೆ ಸಿಗ್ನಲ್ ಸಿಗುವುದಿಲ್ಲ.

ನನ್ನ ಕೆಲಸ ಏನೆಂದು ನೀನು ಒಮ್ಮೆಯೂ ಕೇಳಲಿಲ್ಲ. ಕಾಲೇಜಿನಿಂದ ಕಾಲೇಜಿಗೆ ಹೋಗಿ ವೆಬ್‌ಸೈಟ್ ಕಟ್ಟಲೆಂದು ನೀನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಟಿಕಾರ್ ತಂತ್ರಾಂಶದ ಬಗ್ಗೆ ಮಾತಾಡುವುದು, ಹೊಸಬರನ್ನು ಅದಕ್ಕೆ ಸೇರಿಸುವುದು. ಮಾಗೆಲಾಂಗ್, ಪುರ್ವೊಕೆರ್ತೊ, ಸಾಲತಿಗ ಎಲ್ಲ ಆಯಿತು. ಮಾತು ಶುರು ಮಾಡುವುದು ನಿನ್ನ ಮಾತಿನಿಂದಲೇ: "ಟಿಕಾರ್ ಅಂದ್ರೆ ನಮ್ಮನೆ ಚಾಪೆ. ಹಾಸಿದ್ಮೇಲೆ ಯಾರು ಬೇಕಾದ್ರೂ ಕೂರ್ಬಹುದು, ಅಂಚು ಹರಿದಿದ್ರೆ ಯಾರು ಬೇಕಾದ್ರೂ ನೇಯ್ಬಹುದು." ಒಂದು ಗಂಟೆಯಲ್ಲಿ ಪ್ರತಿಯೊಬ್ಬರಿಂದ ಒಂದೊಂದು ವೆಬ್‌ಸೈಟ್ ಕಟ್ಟಿಸುತ್ತೇನೆ. ಕೊನೆಗೆ, ನೀನು ಶುರು ಮಾಡಿದ ಪದ್ಧತಿಯಂತೆ, ಟಿಕಾರಿನ ಕೈಪಿಡಿಯಲ್ಲಿ ಹೊಸಬರಿಂದ ಒಂದು ಸಣ್ಣ ತಪ್ಪು ತಿದ್ದಿಸುತ್ತೇನೆ. ತಿದ್ದಿದ ಕೂಡಲೇ ಅವರ ಹೆಸರು ನೇಯ್ದವರ ಸಾಲಿಗೆ ಸೇರುತ್ತದೆ, ನಿನ್ನ ಹೆಸರು ಇರುವ ಅದೇ ಸಾಲಿಗೆ. ಆಗ ಆ ಮುಖಗಳನ್ನು ನೀನು ನೋಡಬೇಕು ಮಾಸ್. ಜಗತ್ತಿನಲ್ಲಿ ಯಾವುದಾದರೂ ಸರಿಯಾಗಿದ್ದರೆ ಆ ಗಳಿಗೆ ಒಂದು ಸರಿಯಾಗಿದೆ. ಅದನ್ನೇ ಕಂಪನಿಯವರು ಗಾಳದ ಹುಳು ಮಾಡಿಕೊಂಡಿದ್ದಾರೆ.

ನಮ್ಮ ಮುಖ್ಯಸ್ಥರು ಪಾಕ್ ವಿಬಿಸೊನೊ ಮೊನ್ನೆ ಸಭೆಯಲ್ಲಿ, ಕಡಲೆಕಾಯಿ ಸುಲಿಯುತ್ತಾ, ಬಾಯಿಬಿಟ್ಟರು: "ಮೊದ್ಲು ಮೀನು ತುಂಬ್ಲಿ, ಆಮೇಲೆ ಬಲೆ ಎಳೆಯೋಣ." ಹೊಸ ವರ್ಷದಿಂದ ಟಿಕಾರಿನ ಪರವಾನಗಿ ಬದಲಾಗುತ್ತದೆ. ಮುಂದಿನ ತಿದ್ದುಪಡಿಗಳೆಲ್ಲ ಅವರ ಬೀಗದೊಳಗೆ. ಅದರ ಮೇಲೆ ಕಟ್ಟಿದ ಪ್ರತಿ ಅಂಗಡಿಯ ವೆಬ್‌ಸೈಟೂ ತಿಂಗಳು ತಿಂಗಳು ಕಪ್ಪ ಕೊಡಬೇಕು, ಇಲ್ಲವೇ ಹಳೆಯದನ್ನಿಟ್ಟುಕೊಂಡು ಕೊಳೆಯಬೇಕು. ಎಲ್ಲರೂ ಕಡಲೆಕಾಯಿ ಸುಲಿದರು. ಕಡಲೆಕಾಯಿ ತಟ್ಟೆ ನನ್ನ ಮುಂದೆಯೂ ಬಂತು.

ಅದಾದ ಮೇಲೆ ಸಾಲತಿಗ. ಅಂಬರ್ ಎಂಬ ಹುಡುಗಿ, ಎರಡನೇ ವರ್ಷ. ತಾಯಿಯ ತೆಂಪೆ ಚಿಪ್ಸ್ ವ್ಯಾಪಾರಕ್ಕೆ ಅಲ್ಲೇ ಕೂತು ವೆಬ್‌ಸೈಟ್ ಕಟ್ಟಿದಳು. ಎದ್ದು ನಿಂತು ಕೇಳಿದಳು: "ಎಂಬಾಕ್, ಅಕ್ಕಾ, ಇದನ್ನ ನಂಬ್ಕೊಂಡು ಅಮ್ಮ ಸಂತೆ ಜಾಗ ಬಿಟ್ಕೊಡ್ತಾಳೆ. ನಾಳೆ ದುಡ್ಡು ಕೇಳಲ್ಲ ತಾನೆ?" ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ಪಾಕ್ ವಿಬಿಸೊನೊ ನನ್ನ ಕೈಯಿಂದ ಮೈಕ್ ತೆಗೆದುಕೊಂಡು, "ಎಂಥಾ ಪ್ರಶ್ನೆ! ಚಾಪೆ ಮೇಲೆ ಕೂತಿದ್ದಕ್ಕೆ ಯಾರಾದ್ರೂ ಬಾಡಿಗೆ ಕೇಳ್ತಾರಾ?" ಎಂದರು. ಸಭೆ ನಕ್ಕಿತು. ಅವಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನನ್ನ ಹಿಂದೆ ಆಳೆತ್ತರದ ಬ್ಯಾನರಿನಲ್ಲಿ ನನ್ನದೇ ಮುಖ ಹಲ್ಲುಬಿಟ್ಟು ನಿಂತಿತ್ತು.

ಬಿಟ್ಟು ಬಾ ಎನ್ನುತ್ತೀಯ. ಹೇಗೆ ಬರಲಿ? ಇಲ್ಲಿನ ರೀತಿ ನಿನಗೆ ಗೊತ್ತೇ ಇದೆ: ಕೆಲಸಕ್ಕೆ ಸೇರಿದ ದಿನವೇ ನನ್ನ ಮೂಲ ಪದವಿಪತ್ರ ಅವರ ಕಬ್ಬಿಣದ ಪೆಟ್ಟಿಗೆ ಸೇರಿತು. ಕರಾರು ಮುಗಿಯುವವರೆಗೆ ಅದು ಅಲ್ಲೇ, ನಾನೂ ಅಲ್ಲೇ. ಇತ್ತ ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ. ಡಿಸೆಂಬರಿನಲ್ಲಿ ಮೂಲಪತ್ರ ತೋರಿಸಬೇಕು. ನಾನು ಪಾಠ ಹೇಳುವುದನ್ನು ನೋಡಬೇಕೆಂದು ಅಮ್ಮ ಎಷ್ಟು ವರ್ಷದಿಂದ ಕಾಯುತ್ತಿದ್ದಾಳೆ!

ಇದೆಲ್ಲ ಪಾಕ್ ವಿಬಿಸೊನೊ ಅವರಿಗೆ ಚೆನ್ನಾಗಿ ಗೊತ್ತು. ನೇಯ್ದವರೆಲ್ಲ ಒಪ್ಪದೆ ಪರವಾನಗಿ ಬದಲಾಗುವುದಿಲ್ಲ. ಉಳಿದವರೆಲ್ಲ ತಮ್ಮ ಹಕ್ಕು ಬರೆದುಕೊಟ್ಟಾಯಿತು, ಹೊಸಬರಿಂದಂತೂ ಸೇರುವಾಗಲೇ ಬರೆಸಿಕೊಳ್ಳುತ್ತಾರೆ. ನೀನೊಬ್ಬ ಬಾಕಿ, ನಿನ್ನ ಭಾಗವೇ ಬುಡ. ಅದನ್ನು ಕಿತ್ತು ಹೊಸದಾಗಿ ಬರೆಯಲು ಅವರಿಗೆ ವರ್ಷಗಟ್ಟಲೆ ಬೇಕು. ಹಾಗಾಗಿ ಹೋದ ಭಾನುವಾರ ಬಕ್ಪಿಯಾ ಸಿಹಿಯ ಡಬ್ಬಿ ಹಿಡಿದು ಮನೆಗೇ ಬಂದರು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು, ಅಮ್ಮನ ಶುಂಠಿ ನೀರು ಎರಡು ಲೋಟ ಕುಡಿದರು, ಸತ್ತ ಅಪ್ಪನನ್ನು ಹೊಗಳಿದರು. ಎದ್ದು ಹೊರಡುವಾಗ ಹೇಳಿದರು: ಮಗ ಒಂದು ಸಹಿ ಹಾಕಲಿ, ಮಗಳ ಪದವಿಪತ್ರ ಅಂದೇ ಕೈಗೆ. ಅಮ್ಮ ಒಪ್ಪಿಕೊಂಡುಬಿಟ್ಟಳು. ನಾನು ಕೂಗಾಡಿದೆ. "ನ್ದುಕ್, ಮಗಳೇ, ಬಾಗಿಲಿಗೆ ಬಂದ ದೊಡ್ಡವ್ರಿಗೆ ಇಲ್ಲ ಅನ್ನೋಕಾಗತ್ತಾ? ನಿಮ್ಮಣ್ಣನಿಗಾದ್ರೂ ಆಗತ್ತಾ?" ಎಂದಳು. ನಿಜ. ನಿನಗೆ ಆಗುವುದಿಲ್ಲ. ಆಫೀಸಿನ ದೊಡ್ಡವರ ಎದುರು ಇಲ್ಲ ಎನ್ನಲಾರದೆಯೇ ತಾನೆ ನೀನು ಒಂದು ಬೆಳಿಗ್ಗೆ ಆಫೀಸಿಗೆ ಹೋಗುವ ಬದಲು ಹಡಗು ಹತ್ತಿದ್ದು?

ಈ ಪತ್ರವನ್ನು ಅಮ್ಮ ಓದಿಯೇ ಲಕೋಟೆಗೆ ಹಾಕಬೇಕಂತೆ. ನನ್ನ ಕೋಪಕ್ಕೆ ಅವಳ ತಕರಾರಿಲ್ಲ. "ಎಷ್ಟ್ ಬೇಕಾದ್ರೂ ಬೈದ್ಕೊ, ಕೊನೇಲಿ ಬಂದು ಸಹಿ ಹಾಕು ಅಂತ ಬರಿ" ಎನ್ನುತ್ತಾಳೆ. ಬರೆಯುತ್ತಿದ್ದೇನೆ: ಈ ತಿಂಗಳ ೨೯, ಶನಿವಾರ, ಮಧ್ಯಾಹ್ನದ ಊಟಕ್ಕೆ ಪಾಕ್ ವಿಬಿಸೊನೊ ನೋಟರಿಯನ್ನು ಕರೆದುಕೊಂಡು ಬರುತ್ತಾರೆ. ಅಮ್ಮ ಹಲಸಿನ ಗುದೆಗ್ ಮಾಡುತ್ತಾಳೆ. ನೀನು ಸುರಬಾಯಕ್ಕೆ ಹಡಗಿನಲ್ಲಿ ಬಂದು, ಅಲ್ಲಿಂದ ರಾತ್ರಿ ರೈಲು ಹಿಡಿದು, ಅಂದು ಮನೆಗೆ ಬಂದು ಸಹಿ ಹಾಕಬೇಕು. ಇದು ಅಮ್ಮನ ಮಾತು, ಅವಳು ಹೇಳಿದಂತೆಯೇ ಬರೆದಿದ್ದೇನೆ.

ಕೆಮ್ಮಿಗೆ ಅಮ್ಮ ಒಣಶುಂಠಿ ಕಟ್ಟಿಟ್ಟಿದ್ದಾಳೆ, ಬಂದಾಗ ಕೊಡುತ್ತಾಳಂತೆ. ನಿನ್ನ ಶಾಲೆಯ ಮಕ್ಕಳಿಗೆ ನನ್ನ ನೆನಪು ಹೇಳು. ದೇವರು ನಿನ್ನ ದಾರಿ ಕಾಯಲಿ ಎಂದು ಅಮ್ಮ ಹರಸುತ್ತಾಳೆ.

ನಿನ್ನ ತಂಗಿ,
ಕಿನಾಸಿಹ್

ಮ.ವಿ.: ಮೇಲಿನದನ್ನು ಅಮ್ಮ ಓದಿಯಾಯಿತು. ಇದನ್ನು ಅಂಚೆ ಕಚೇರಿಯ ಒಳಗಿನ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ, ಅಮ್ಮ ಹೊರಗೆ ಸೊಪ್ಪಿನವಳ ಜೊತೆ ಚೌಕಾಸಿಯಲ್ಲಿದ್ದಾಳೆ. ಸಹಿ ಹಾಕಬೇಡ. ನೇರ ಮನೆಗೂ ಹೋಗಬೇಡ. ಹೋದರೆ ಅಮ್ಮ ಲೋಟ ಕೊಡುತ್ತಾಳೆ, ಅವರು ಪೆನ್ನು ಕೊಡುತ್ತಾರೆ, ನೀನು ತಲೆ ತಗ್ಗಿಸುತ್ತೀಯ. ಎದುರಿಗೆ ಇಲ್ಲ ಎನ್ನಲು ನಿನಗೆ ಬಾರದಿದ್ದರೆ ಬೇಡ. ಟಿಕಾರಿನಲ್ಲಿ ಏನೇ ಬದಲಾದರೂ ನೇಯ್ದವರೆಲ್ಲ ನೋಡುವ ಪುಟದಲ್ಲಿ ಬರೆಯಬೇಕೆಂದು ನಿಯಮ ಮಾಡಿದವನು ನೀನೇ. ಅಲ್ಲಿ ಮೊದಲು "ಒಪ್ಪುವುದಿಲ್ಲ" ಎಂದು ಬರೆ. ಅಲ್ಲಿ ಬಿದ್ದ ಮಾತನ್ನು ಯಾವ ಶುಂಠಿ ನೀರೂ ತೊಳೆಯಲಾರದು. ಅದರ ಕೆಳಗೆ ನಾನು ಅಂಬರಳ ಪ್ರಶ್ನೆಯನ್ನೂ, ಅವಳಿಗೆ ಕೊಡಬೇಕಿದ್ದ ಉತ್ತರವನ್ನೂ ನನ್ನ ಹೆಸರಿನಲ್ಲೇ ಬರೆಯುತ್ತೇನೆ. ಪದವಿಪತ್ರ ಅವರ ಪೆಟ್ಟಿಗೆಯಲ್ಲೇ ಇರಲಿ. ಆಮೇಲೆ ಇಬ್ಬರೂ ಮನೆಗೆ ಊಟಕ್ಕೆ ಹೋಗೋಣ. ಅಮ್ಮನ ಬೈಗುಳ ಇಬ್ಬರಿಗೂ ಸಮಪಾಲು. ಗೆಳತಿಯ ಲ್ಯಾಪ್‌ಟಾಪ್ ತಂದು, ನೀನು ರೈಲಿಳಿಯುವಲ್ಲೇ ಕಾಯುತ್ತಿರುತ್ತೇನೆ. ಲೆಂಪುಯಾಂಗನ್ ನಿಲ್ದಾಣ, ಪೂರ್ವದ ಬಾಗಿಲ ಹೊರಗಿನ ಕಾಫಿ ಗಾಡಿ. ಶನಿವಾರ, ನವೆಂಬರ್ ೨೯, ಬೆಳಿಗ್ಗೆ ಆರೂವರೆ.